ಸೊಂಟ ನೋವಿಗೆ 15 ದಿನ ಮಲಗಬೇಕಾ? ಒಂದು ಸ್ಪಷ್ಟನೆ

ಅಡಿಕೆ ಕೊಯ್ಲು ಶುರುವಾದ ಮೇಲೆ ತೀರ್ಥಹಳ್ಳಿ, ಸಾಗರದ ಕಡೆ ವಾಟ್ಸಾಪಿನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: 'ಸೊಂಟ ನೋವು ಬಂದರೆ 15 ದಿನ ಹಾಸಿಗೆ ಬಿಟ್ಟು ಏಳಬೇಡಿ. ಸ್ಕ್ಯಾನ್‌ನಲ್ಲಿ ಡಿಸ್ಕ್ ಉಬ್ಬಿದ್ದರೆ ಇನ್ನು ಜನ್ಮದಲ್ಲಿ ಬಗ್ಗುವಂತಿಲ್ಲ.' ನಮ್ಮ ಮನೆಯವರ ಗುಂಪಿಗೇ ಮೂರು ಸಲ ಬಂತು. ಎರಡೂ ಮಾತು ತಪ್ಪು.

ಮೊದಲು ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆಯ ವಿಷಯ. ನೋವೇ ಇಲ್ಲದ 3,000ಕ್ಕೂ ಹೆಚ್ಚು ಜನರ ಸ್ಕ್ಯಾನ್ ಲೆಕ್ಕ ಹಾಕಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. 20ರ ವಯಸ್ಸಿನವರಲ್ಲೇ ಶೇ 30 ಮಂದಿಗೆ ಡಿಸ್ಕ್ ಉಬ್ಬಿತ್ತು, 80ರ ಹೊತ್ತಿಗೆ ಶೇ 84. ಹೆಚ್ಚಿನವರಿಗೆ ಇದು ತಲೆ ನರೆತ ಹಾಗೆ, ಅಷ್ಟೇ.

ನೋವು ಮೈಯ ಎಚ್ಚರಿಕೆ ಗಂಟೆ, ಗಾಯದ ಅಳತೆಗೋಲಲ್ಲ. ಉಂಬಳ (ಜಿಗಣೆ) ಕಚ್ಚಿದ್ದು ರಕ್ತ ನೋಡಿದ ಮೇಲೇ ಗೊತ್ತಾಗೋದು, ಅಲ್ವಾ? ನಿದ್ದೆಗೆಟ್ಟರೆ, ಚಿಂತೆ ಹೆಚ್ಚಾದರೆ ಅದೇ ಸೊಂಟ ಜಾಸ್ತಿ ನೋಯುತ್ತದೆ. ಹಾಗಂತ ನೋವು ಸುಳ್ಳಲ್ಲ.

ಸುಮ್ನೆ ಮಲಗಿದಷ್ಟೂ ಸ್ನಾಯು ಸೋಲುತ್ತದೆ, ಬಗ್ಗುವ ಭಯ ಬೆಳೆಯುತ್ತದೆ. ತೀರಾ ನೋವಿದ್ದರೆ ಒಂದೆರಡು ದಿನ ಕೆಲಸ ಕಡಿಮೆ ಮಾಡಿ. ಆಗಲೂ ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿ. ಅಡಿಕೆ ಸುಲಿಯಲು ಕೂತರೆ ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ. ಓಡಾಡುವಾಗ ಸ್ವಲ್ಪ ನೋವಾಗಿ, ಮರುದಿನ ಮೊದಲಿನಂತಾದರೆ ಹೆದರಬೇಕಿಲ್ಲ.

ಬಿದ್ದ ಮೇಲೆ ಬಂದ ನೋವು, ಜ್ವರದ ಜೊತೆ ಬಂದ ನೋವು ಆದರೆ ಡಾಕ್ಟರಿಗೆ ತೋರಿಸಿ. ಕಾಲಿನ ಶಕ್ತಿ ಕುಂದಿದರೆ, ತೊಡೆಸಂದು ಮರಗಟ್ಟಿದರೆ, ಮೂತ್ರ ಹಿಡಿತಕ್ಕೆ ಸಿಗದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೇ ದೊಡ್ಡಾಸ್ಪತ್ರೆಗೆ ಹೊರಡಿ.