ಮಿಸ್ಸಿಂಗ್ ಹೊಡೆಯುವ ಗಾಡಿಗೆ ಊರೆಲ್ಲ ಡಾಕ್ಟರು

ಸೆನ್ಸರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಬೈಕ್ ಕೆಟ್ಟು ನಿಂತರೆ ಯಾರೂ ಹತ್ತಿರ ಬರುವುದಿಲ್ಲ. ‘ಸೆನ್ಸರ್ ಹೋಗಿರ್ಬೇಕು, ಶೋರೂಮಿಗೆ ಫೋನ್ ಮಾಡಿ’ ಅಂತ ಹೇಳಿ ಮುಂದೆ ಹೋಗುತ್ತಾರೆ. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕಳಿಸುವ ಕಾರ್ಬೊರೇಟರ್ ಇರುವ ಹಳೇ ಬೈಕ್ ಹಾಗಲ್ಲ. ಅದು ಒಂದು ಸಲ ಕೆಮ್ಮಿದರೆ ಸಾಕು, ಟೀ ಅಂಗಡಿ ಬೆಂಚು ಖಾಲಿ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಹೊಸ ಬೈಕುಗಳಿಂದ ಕಾರ್ಬೊರೇಟರ್ ಹೆಚ್ಚುಕಮ್ಮಿ ಮಾಯವಾಯಿತು. ಪಾಪ, ಈ ಡಾಕ್ಟರುಗಳಿಗೆ ರೋಗಿಗಳೇ ಇಲ್ಲ. ಹಾಗಾಗಿ ನನ್ನ ಹಳೇ 100 ಸಿಸಿ ಗಾಡಿ ಕಂಡರೆ ಅವರಿಗೆ ಹಬ್ಬ.

ರೋಗ ವಿಚಿತ್ರವಾಗಿತ್ತು. ಮನೆ ಬಿಡುವಾಗ ಗಾಡಿ ಚೆನ್ನಾಗೇ ಇರುತ್ತದೆ. ಸ್ವಲ್ಪ ದೂರ ಹೋದ ಮೇಲೆ ಮಿಸ್ಸಿಂಗ್ ಶುರು, ಇಂಜಿನ್ ತಡವರಿಸುತ್ತದೆ. ಚೋಕ್ ಎಳೆದರೆ ನಾಲ್ಕು ಮಾರು ಹೋಗುತ್ತದೆ, ಆಮೇಲೆ ಪೂರ್ತಿ ಬಂದ್. ಅದೂ ಚಾಮುಂಡಿ ಬೆಟ್ಟದ ಏರಿನಲ್ಲಿ, ಹಿಂದೆ ಬಸ್ಸು ಹಾರ್ನ್ ಹೊಡೆಯುವಾಗಲೇ.

ಮೊದಲನೆಯವನು ಪ್ಲಗ್ ಬಿಚ್ಚಿಸಿದ. ತುದಿ ಕಾಫಿ ಬಣ್ಣಕ್ಕಿದ್ದರೆ ಸರಿ, ಕಪ್ಪಗಿದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ದರೆ ಕಮ್ಮಿ. ನಮ್ಮದು ಬೆಳ್ಳಗಿತ್ತು. ಉಪ್ಪು ಕಾಗದದಲ್ಲಿ ಉಜ್ಜಿ ಹಾಕಿದ, ಗಾಡಿ ಸ್ಟಾರ್ಟ್! ಮರುದಿನ ಮತ್ತೆ ಅದೇ ಕಥೆ. ಎರಡನೆಯವರು ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ಬಿಚ್ಚಿ ಬಾಯಿಂದ ಊದಿದರು. ‘ತಂತಿ ಮಾತ್ರ ಹಾಕ್ಬೇಡಿ ಸಾರ್, ತೂತು ದೊಡ್ಡದಾಗುತ್ತೆ’ ಅಂತ ಬುದ್ಧಿಮಾತು ಬೇರೆ. ಮತ್ತೆ ಸ್ಟಾರ್ಟ್! ಮೆಕ್ಯಾನಿಕ್ ಗಾಳಿ ಹೊಂದಿಸುವ ಏರ್ ಸ್ಕ್ರೂ ಅರ್ಧ ಸುತ್ತು ತಿರುಗಿಸಿ ದುಡ್ಡು ತಗೊಂಡ. ಅವನ ಗ್ಯಾರೇಜಿನಲ್ಲಂತೂ ಗಾಡಿ ಒಂದು ದಿನವೂ ಕೆಮ್ಮಲಿಲ್ಲ. ಇನ್ನೊಬ್ಬರು ಎಥನಾಲ್ ಪೆಟ್ರೋಲ್ ಮೇಲೆ ಭಾಷಣ ಮಾಡಿ, ಬೇರೆ ಬಂಕ್ ತೋರಿಸಿದರು. ಅಲ್ಲಿ ಹಾಕಿಸಿದ ಮೇಲೂ ಸ್ವಲ್ಪ ದೂರ ಚೆನ್ನಾಗೇ ಓಡಿತು!

ಕೊನೆಗೆ ಸಿಕ್ಕವರು ನಮ್ಮ ಬೀದಿಯ ಯೆಜ್ಡಿ ಅಂಕಲ್. ಜಾವಾ, ಯೆಜ್ಡಿ ಬೈಕುಗಳು ತಯಾರಾಗುತ್ತಿದ್ದುದು ನಮ್ಮ ಮೈಸೂರಿನ ಯಾದವಗಿರಿಯಲ್ಲೇ, 1961ರಿಂದ 1996ರವರೆಗೆ. ಅದನ್ನು ಹೇಳದೆ ಅವರು ಸ್ಪ್ಯಾನರ್ ಮುಟ್ಟುವುದಿಲ್ಲ. ಗೇರು, ಕಿಕ್ಕರ್ ಎರಡಕ್ಕೂ ಒಂದೇ ಲಿವರ್ ಇದ್ದ ಗಾಡಿಯ ಮಹಿಮೆ ಪೂರ್ತಿ ಕೇಳಿಸಿಕೊಂಡೆ. ಆಮೇಲೆ ಅವರು ಕೇಳಿದ್ದು ಒಂದೇ ಮಾತು: ‘ನಿಂತಾಗ ಟ್ಯಾಂಕ್ ಮುಚ್ಚಳ ತೆಗೆದು ನೋಡಿದ್ಯೇನಯ್ಯಾ?’

ಮುಂದಿನ ಸಲ ನಿಂತಾಗ ತೆಗೆದೆ. ‘ಸುಸ್ಸ್’ ಅಂತ ಗಾಳಿ ಒಳಗೆ ಹೋಯಿತು. ಒಂದೇ ಕಿಕ್ಕಿಗೆ ಗಾಡಿ ಸ್ಟಾರ್ಟ್.

ವಿಷಯ ಇಷ್ಟೇ. ಇಂಥ ಗಾಡಿಯಲ್ಲಿ ಪಂಪ್ ಇಲ್ಲ, ಪೆಟ್ರೋಲ್ ತಾನಾಗಿಯೇ ಕೆಳಗಿಳಿಯಬೇಕು. ಅದು ಇಳಿದಷ್ಟೂ ಮೇಲಿಂದ ಗಾಳಿ ಒಳಗೆ ಬರಬೇಕು. ಅದಕ್ಕೆ ಮುಚ್ಚಳದಲ್ಲಿ ಸಣ್ಣ ತೂತು. ಆ ತೂತು ಕಟ್ಟಿದರೆ ಪೆಟ್ರೋಲ್ ತೊಟ್ಟು ತೊಟ್ಟಾಗಿ ಮಾತ್ರ ಇಳಿಯುತ್ತದೆ, ಕಾರ್ಬೊರೇಟರಿನ ಬಟ್ಟಲು ಖಾಲಿಯಾಗುತ್ತದೆ. ಗಾಡಿ ಸುಮ್ನೆ ನಿಂತಿದ್ದರೆ ಬಟ್ಟಲು ನಿಧಾನಕ್ಕೆ ತುಂಬಿಕೊಳ್ಳುತ್ತದೆ. ಅಂದರೆ ಪ್ಲಗ್ ಉಜ್ಜಿದವನು, ಜೆಟ್ ಊದಿದವರು ಎಲ್ಲರೂ ಮಾಡಿದ್ದು ಒಂದೇ ಕೆಲಸ, ಹೊತ್ತು ಕಳೆದಿದ್ದು! ಬಂಕಿನವನು ಮುಚ್ಚಳವನ್ನೇ ತೆಗೆದಿದ್ದ, ಒಳ್ಳೇ ಹೆಸರು ಬಂದಿದ್ದು ಪೆಟ್ರೋಲಿಗೆ.

ಅಂಕಲ್ ಮುಚ್ಚಳ ತಿರುಗಿಸಿ ಕನ್ನಡಕ ಏರಿಸಿದರು. ಬೀಗದ ತೂತಿನ ಸುತ್ತ, ಗಾಳಿ ಹೋಗುವ ದಾರಿಯಲ್ಲೇ, ಕೆಂಪಗೆ ಏನೋ ಗಟ್ಟಿಯಾಗಿ ಕೂತಿತ್ತು. ಪಿನ್ನಿನಲ್ಲಿ ಕೆರೆದರೆ ಪುಡಿ ಪುಡಿ ಉದುರಿತು. ಮೂಸಿ ನೋಡಿದರು. ಗಂಧ! ಆಯುಧಪೂಜೆಗೆ ಅಮ್ಮ ಹಚ್ಚಿದ ಗಂಧ-ಕುಂಕುಮ, ಒಂದು ಚೂರೂ ಜಿಪುಣತನ ಮಾಡದೆ ಹಚ್ಚಿದ್ದು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಹೂ ಕಟ್ಟುತ್ತಾ ಕೂತಿದ್ದರು, ತಲೆ ಕೂಡ ಎತ್ತಲಿಲ್ಲ.

‘ಪೂಜೆ ಮಾಡಿದ್ದಕ್ಕೆ ಬರೀ ನಿಂತಿದೆ ಕಣೋ. ಮಾಡ್ದೇ ಇದ್ದಿದ್ರೆ ಬ್ರೇಕೇ ಹೋಗ್ತಿತ್ತು.’