ನಾಲಗೆಯ ನಕ್ಷೆಗೆ ಸಾವಿಲ್ಲ ಯಾಕೆ?

ನಾಲಗೆಯ ತುದಿಯಲ್ಲಿ ಸಿಹಿ, ಬದಿಗಳಲ್ಲಿ ಉಪ್ಪು ಮತ್ತು ಹುಳಿ, ಹಿಂದೆ ಕಹಿ. ಈ ತಪ್ಪು ನಕ್ಷೆಯ ಚಿತ್ರ ಬಿಡಿಸದೆ ಶಾಲೆ ಮುಗಿಸಿದವರು ನಮ್ಮಲ್ಲಿ ಕಡಿಮೆ ಅಲ್ವಾ?

ಇದರ ಹುಟ್ಟಿನ ಕಥೆ ಮಜವಾಗಿದೆ. 1901ರಲ್ಲಿ ಜರ್ಮನಿಯ ವಿಜ್ಞಾನಿ ಡೇವಿಡ್ ಹೇನಿಗ್ ನಾಲಗೆಯ ಅಂಚಿನಲ್ಲಿ ಅಲ್ಲಲ್ಲಿ ಸಿಹಿ, ಉಪ್ಪು, ಹುಳಿ, ಕಹಿ ದ್ರಾವಣದ ಹನಿ ಇಟ್ಟು ನೋಡಿದರು. ಕೆಲವು ಕಡೆ ಕೆಲವು ರುಚಿ ಸ್ವಲ್ಪ ತೆಳು ದ್ರಾವಣದಲ್ಲೂ ಗೊತ್ತಾಗುತ್ತದೆ ಎಂದರು. ಅಷ್ಟೇ. 1942ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವಿನ್ ಬೋರಿಂಗ್ ತಮ್ಮ ಪುಸ್ತಕದಲ್ಲಿ ಅದನ್ನು ಗ್ರಾಫ್ ಮಾಡಿದಾಗ, ಆ ವ್ಯತ್ಯಾಸ ಎಷ್ಟು ಸಣ್ಣದು ಎಂಬುದೇ ಕಾಣದ ಹಾಗಾಯಿತು. ನೋಡಿದವರು ‘ಇಲ್ಲಿ ಸಿಹಿ ಮಾತ್ರ, ಅಲ್ಲಿ ಕಹಿ ಮಾತ್ರ’ ಎಂದುಕೊಂಡರು. 1974ರಲ್ಲಿ ಸಂಶೋಧಕಿ ವರ್ಜೀನಿಯಾ ಕಾಲಿಂಗ್ಸ್ ಮತ್ತೆ ಅಳೆದು, ವ್ಯತ್ಯಾಸ ತೀರಾ ಸಣ್ಣದು ಎಂದು ತೋರಿಸಿದರು. ಯಾರು ಕೇಳಬೇಕು?

ಬದಿಯಡ್ಕದಲ್ಲಿ ನಮ್ಮ ಪಕ್ಕದ ಮನೆಯ ಹುಡುಗ ಇದೇ ಚಿತ್ರ ಬಿಡಿಸುತ್ತಾ ಕೂತಿದ್ದ. ಹಸಿ ಹಾಗಲಕಾಯಿಯ ಒಂದು ಚೂರನ್ನು ನಾಲಗೆಯ ತುದಿಗೆ ಇಡು ಎಂದೆ. ಮುಖ ಕಿವುಚಿದ.

“ಎಲ್ಲಿ ಕಹಿ?”

“ತುದಿಯಲ್ಲೇ ಮಾವ.”

“ಹಾಗಾದರೆ ಈ ಚಿತ್ರ?”

“ಅದು ಪರೀಕ್ಷೆಗೆ!”

ನನ್ನ ಪ್ರಕಾರ ಗುಟ್ಟು ಇಲ್ಲೇ ಇದೆ. ಸುಳ್ಳನ್ನು ಬಿಡಿಸಬಹುದು, ಬಣ್ಣ ಹಚ್ಚಬಹುದು, ಹೆಸರು ಬರೆದು ಮಾರ್ಕು ತೆಗೆಯಬಹುದು. ನಾಲಗೆಯಲ್ಲಿ ರುಚಿಮೊಗ್ಗು (ರುಚಿ ಗುರುತಿಸುವ ಸಣ್ಣ ಸಣ್ಣ ಕೋಶಗಳ ಗುಂಪು) ಇರುವ ಕಡೆಯೆಲ್ಲ ಎಲ್ಲ ರುಚಿಯೂ ಗೊತ್ತಾಗುತ್ತದೆ ಎಂಬ ನಿಜದಲ್ಲಿ ಬಿಡಿಸಲು ಏನಿದೆ? ಅದರ ಮೇಲೆ ನಮ್ಮ ಕಾಸರಗೋಡಿನ ಕನ್ನಡ ಮೀಡಿಯಂ ಮಕ್ಕಳಿಗೆ ಗೈಡು ಸಿಗುವುದೇ ಕಷ್ಟ. ಅಕ್ಕನ ನೋಟ್ಸು ತಂಗಿಗೆ, ತಂಗಿಯದ್ದು ಪಕ್ಕದ ಮನೆಗೆ. ಪುಸ್ತಕ ಬದಲಾದರೂ ನೋಟ್ಸು ಬದಲಾಗುವುದಿಲ್ಲ. (ಅಣಬೆ, ಟೊಮೆಟೊದಲ್ಲಿ ಸಿಗುವ ಉಮಾಮಿ ಎಂಬ ಐದನೇ ರುಚಿಯನ್ನು ಜಪಾನಿನ ರಸಾಯನಶಾಸ್ತ್ರಜ್ಞ ಇಕೇದಾ 1908ರಲ್ಲೇ ಗುರುತಿಸಿದ್ದರು. ಪಾಪ, ಅದಕ್ಕೆ ಈ ನಕ್ಷೆಯಲ್ಲಿ ಜಾಗವೇ ಇಲ್ಲ.)

ನಮ್ಮ ಕಡೆ ಮೂಢನಂಬಿಕೆ ಎಂದ ಕೂಡಲೇ ಬೆರಳು ಹೋಗುವುದು ಭೂತ, ನಾಗ, ಮಂತ್ರವಾದದ ಕಡೆಗೆ. ಹಾವು ಹಾಲು ಕುಡಿಯುವುದಿಲ್ಲ ಎಂದು ತಿದ್ದಲು ನೂರು ಜನ ಸಿಗುತ್ತಾರೆ. ಆದರೆ ಕೋಟು ಹಾಕಿದವರೊಬ್ಬರು ಮೈಕ್ ಹಿಡಿದು, ‘ನಾವು ಮೆದುಳಿನ ಶೇಕಡಾ 10 ಮಾತ್ರ ಬಳಸುತ್ತೇವೆ’ ಎನ್ನಲಿ, ಅದೇ ಜನ ಚಪ್ಪಾಳೆ ತಟ್ಟುತ್ತಾರೆ. ಸುಮ್ನೆ ಕೂತಿದ್ದಾಗಲೂ ದೇಹದ ಶಕ್ತಿಯಲ್ಲಿ ಸುಮಾರು ಶೇಕಡಾ 20 ಮೆದುಳಿಗೇ ಬೇಕು. ಸ್ಟ್ರೋಕ್ ಆಗಿ ಚಿಕ್ಕ ಜಾಗಕ್ಕೆ ರಕ್ತ ನಿಂತರೂ ಮಾತು ಹೋಗಬಹುದು, ಕೈ ಬೀಳಬಹುದು. ಖಾಲಿ ಇರುವ 90 ಎಲ್ಲಿದೆ ಎಂದು ಯಾರೂ ಎದ್ದು ಕೇಳುವುದಿಲ್ಲ. ಕೇಳಿದರೆ, ಆ 90 ತೆರೆಸಿಕೊಡುವ ಶಿಬಿರಕ್ಕೆ ಫೀಸು ಕಟ್ಟುವವರು ಯಾರು?