ಆರ್ಸೆನಿಕ್ ಸಿಕ್ಕರೆ ಯುರೋಪಿನದ್ದೇ ಅಂತಲ್ಲ

18ನೇ ಶತಮಾನದ ಚೀನೀ ಎನಾಮೆಲ್‌ನ (ಲೋಹ, ಪಿಂಗಾಣಿಯ ಮೇಲೆ ಸುಟ್ಟು ಕೂರಿಸುವ ಗಾಜಿನಂಥ ಬಣ್ಣ) ನೀಲಿಯಲ್ಲಿ ಆರ್ಸೆನಿಕ್ ಕಂಡರೆ ಆ ವಸ್ತು ಯುರೋಪಿನಲ್ಲೇ ತಯಾರಾದದ್ದು ಎಂಬ ಸಂದೇಶ ಹರಿದಾಡುತ್ತಿದೆ. ಅದು ತಪ್ಪು.

ಈ ನೀಲಿ ಬರುವುದು ಕೋಬಾಲ್ಟ್‌ನಿಂದ. ಯುರೋಪಿನ, ಮುಖ್ಯವಾಗಿ ಜರ್ಮನಿಯ ಸ್ಯಾಕ್ಸನಿ ಕಡೆಯ ಕೋಬಾಲ್ಟ್ ಅದಿರಿನಲ್ಲಿ ಆರ್ಸೆನಿಕ್, ನಿಕ್ಕಲ್ ಇರುತ್ತವೆ. ಚೀನಾದ ಸ್ಥಳೀಯ ಅದಿರಿನಲ್ಲಿ ಮ್ಯಾಂಗನೀಸ್ ಹೆಚ್ಚು. ಇಷ್ಟು ನಿಜ. ಆದರೆ ತರಿಸಿಕೊಂಡ ಬಣ್ಣವನ್ನು ಬೀಜಿಂಗ್‌ನಲ್ಲೂ ಹಚ್ಚಬಹುದು. ನೀಲಿಯನ್ನು ತಿಳಿಯಾಗಿಸಲು ಬೆರೆಸುವ ಬಿಳಿಯೂ ಎಷ್ಟೋ ಸಲ ಸೀಸದ ಆರ್ಸೆನೇಟ್ (ಸೀಸ, ಆರ್ಸೆನಿಕ್ ಎರಡೂ ಇರುವ ಸಂಯುಕ್ತ) ಆಗಿರುತ್ತದೆ.

ಇನ್ನೊಂದು ದೊಡ್ಡ ತೊಡಕು ಯಂತ್ರದ್ದೇ. ಎಕ್ಸ್‌ಆರ್‌ಎಫ್‌ನಲ್ಲಿ (ಎಕ್ಸ್-ರೇ ಹಾಯಿಸಿ, ವಸ್ತು ಮರಳಿ ಸೂಸುವ ಕಿರಣದ ಶಕ್ತಿಯಿಂದ ಧಾತು ಗುರುತಿಸುವ ವಿಧಾನ) ಆರ್ಸೆನಿಕ್‌ನ ಕೆ-ಆಲ್ಫಾ ರೇಖೆ 10.54, ಸೀಸದ ಎಲ್-ಆಲ್ಫಾ 10.55 ಕೆಇವಿ (ಕಿರಣದ ಶಕ್ತಿಯ ಅಳತೆ). ಎನಾಮೆಲ್ ತುಂಬ ಸೀಸವೇ ಇರುವಾಗ ಎರಡೂ ಒಂದೇ ಶಿಖರವಾಗಿ ಕಾಣುತ್ತವೆ. ಹಾಗಾಗಿ 11.7ರ ಬಳಿ ಆರ್ಸೆನಿಕ್‌ನ ಇನ್ನೊಂದು ರೇಖೆ ಕೆ-ಬೀಟಾ ಇದೆಯೇ ನೋಡಿ, ರಾಮನ್ ಪರೀಕ್ಷೆಯಲ್ಲಿ (ಲೇಸರ್ ಬೆಳಕು ಚದುರುವ ರೀತಿಯಿಂದ ಸಂಯುಕ್ತ ಗುರುತಿಸುವ ವಿಧಾನ) 820 ಸೆಂ.ಮೀ⁻¹ ಸುತ್ತಮುತ್ತ ಆರ್ಸೆನೇಟ್ ಪಟ್ಟಿ ಹುಡುಕಿ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ.